ಸಿ.ಆರ್.ಪಿ. ಹೆಚ್ಚಿದೆ, ಬೆರಳುಗಳು ಊದಿವೆ, ತಜ್ಞರ ಭೇಟಿಗೆ ಇನ್ನೂ ನಾಲ್ಕು ತಿಂಗಳು: ಕಾಯಬಹುದೇ?

ಪ್ರಶ್ನೆ: ನಾನು 43 ವರ್ಷದ ಮಹಿಳೆ. ಆರು ತಿಂಗಳಿಂದ ಬೆಳಿಗ್ಗೆ ಎದ್ದಾಗ ಎರಡೂ ಕೈಗಳ ಬೆರಳುಗಳು ಬಿಗಿದುಕೊಂಡಿರುತ್ತವೆ. ಮುಷ್ಟಿ ಕಟ್ಟಲು ಆಗುವುದಿಲ್ಲ. ಸಡಿಲವಾಗಲು ಒಂದೂವರೆ ಗಂಟೆ ಬೇಕು. ಮಣಿಕಟ್ಟು ಮತ್ತು ಬೆರಳ ಗೆಣ್ಣುಗಳಲ್ಲಿ ಊತವಿದೆ. ರಕ್ತಪರೀಕ್ಷೆಯಲ್ಲಿ ಸಿ.ಆರ್.ಪಿ. 24, ಇ.ಎಸ್.ಆರ್. 52 ಬಂದಿದೆ. ಆರ್.ಎ. ಫ್ಯಾಕ್ಟರ್ ನೆಗೆಟಿವ್ ಆದ್ದರಿಂದ ಇದು ರುಮಟಾಯ್ಡ್ ಸಂಧಿವಾತ ಅಲ್ಲ ಎಂದರು. ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿದೆಯೆಂದು ಅದಕ್ಕೆ ಮಾತ್ರೆ ಕೊಟ್ಟರು. ನೋವು ತಾಳಲಾಗದಾಗ ನೋವಿನ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಐದಾರು ದಿನ ಸ್ಟೀರಾಯ್ಡ್ ನುಂಗುತ್ತೇನೆ. ಸಂಧಿವಾತ ತಜ್ಞರ ಭೇಟಿಗೆ ನಾಲ್ಕು ತಿಂಗಳ ನಂತರದ ದಿನ ಸಿಕ್ಕಿದೆ. ಅವರಿರುವಲ್ಲಿಗೆ ಹೋಗಿಬರಲು ಇಡೀ ದಿನ ಬೇಕು. ಅಲ್ಲಿಯವರೆಗೆ ಕಾಯಬಹುದೇ? ಅವರು ಕೊಡುವುದು ಕ್ಯಾನ್ಸರ್ ಔಷಧಿ ಎನ್ನುತ್ತಾರೆ, ನಿಜವೇ? ಉರಿಯೂತ ಇಳಿಸುವ ಪೂರಕ ಮಾತ್ರೆಗಳಲ್ಲೇ ನಿಭಾಯಿಸಬಹುದೇ? ಸಿ.ಆರ್.ಪಿ. ಹೆಚ್ಚಿದ್ದರೆ ಹೃದಯಾಘಾತವಾಗುತ್ತದೆಂದು ಓದಿ ಹೆದರಿದ್ದೇನೆ. 19 ವರ್ಷದ ಮಗಳಿಗೂ ಇದು ಬರುತ್ತದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಅವೆಲ್ಲದರ ಹಿಂದೆ ಇರುವ ಆತಂಕ ಒಂದೇ: ಕಾಯುವುದರಿಂದ ನಷ್ಟವಾಗುತ್ತದೆಯೇ, ಅಥವಾ ಔಷಧಿ ತೆಗೆದುಕೊಳ್ಳುವುದರಿಂದಲೇ ಹೆಚ್ಚು ನಷ್ಟವೇ? ಪತ್ರವನ್ನಷ್ಟೇ ಓದಿ, ಕೈ ಮುಟ್ಟಿ ನೋಡದೆ ರೋಗನಿರ್ಣಯ ಮಾಡುವುದು ಸರಿಯಲ್ಲ. ಆದರೆ ನೀವು ವಿವರಿಸಿರುವ ಲಕ್ಷಣಗಳು ನನ್ನ ಎದುರಿಗೆ ಬಂದಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದನ್ನು ಉರಿಯೂತದ ಸಂಧಿವಾತವೆಂದೇ ಪರಿಗಣಿಸುತ್ತಿದ್ದೆ, ಮತ್ತು ನಾಲ್ಕು ತಿಂಗಳು ಕಾಯಿಸುತ್ತಿರಲಿಲ್ಲ.

ಮೊದಲು ಆ ಸಂಖ್ಯೆಗಳ ವಿಷಯ. ಸಿ.ಆರ್.ಪಿ. ಎಂಬುದು ಯಕೃತ್ತು ತಯಾರಿಸುವ ಒಂದು ಪ್ರೋಟೀನು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಅದನ್ನು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ, ಕೀಲುನೋವಿನವರ ರಕ್ತದಲ್ಲಲ್ಲ. ದೇಹದಲ್ಲಿ ಎಲ್ಲೇ ಉರಿಯೂತವಿದ್ದರೂ ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಾಹಕ ರಕ್ತದ ಮೂಲಕ ಯಕೃತ್ತನ್ನು ತಲುಪುತ್ತದೆ, ಯಕೃತ್ತು ಸಿ.ಆರ್.ಪಿ.ಯನ್ನು ಹೊರಬಿಡುತ್ತದೆ. ಆದ್ದರಿಂದ ಶ್ವಾಸಕೋಶದ ಸೋಂಕಿರಲಿ, ಒಸಡಿನ ರೋಗವಿರಲಿ, ಬೊಜ್ಜಿರಲಿ, ಧೂಮಪಾನವಿರಲಿ, ಸಿ.ಆರ್.ಪಿ. ಸ್ವಲ್ಪವೋ ಹೆಚ್ಚೋ ಏರುತ್ತದೆ. ಇ.ಎಸ್.ಆರ್., ಅಂದರೆ ಕೊಳವೆಯಲ್ಲಿ ಕೆಂಪು ರಕ್ತಕಣಗಳು ಎಷ್ಟು ಬೇಗ ಕೆಳಗಿಳಿಯುತ್ತವೆಂಬ ಅಳತೆ, ಇನ್ನೂ ಮಂದಗತಿಯ ಪರೀಕ್ಷೆ. ರಕ್ತಹೀನತೆ, ಗರ್ಭಧಾರಣೆ, ವಯಸ್ಸು ಇವುಗಳಿಂದಲೂ ಅದು ಏರುತ್ತದೆ. ಎಲ್ಲೋ ಬೆಂಕಿಯಿದೆ ಎಂದಷ್ಟೇ ಇವೆರಡೂ ಹೇಳುತ್ತವೆ. ಯಾವ ಕೋಣೆಯಲ್ಲಿ ಎಂದು ಹೇಳುವುದಿಲ್ಲ. ಹಾಗೆಯೇ ಇವು ಮಾಮೂಲಾಗಿದ್ದ ಮಾತ್ರಕ್ಕೆ ಕೀಲುಗಳು ಕ್ಷೇಮವೆಂದೂ ಅಲ್ಲ. ರುಮಟಾಯ್ಡ್ ಸಂಧಿವಾತವಿರುವ ಗಣನೀಯ ಸಂಖ್ಯೆಯ ರೋಗಿಗಳಲ್ಲಿ ಮೊದಲ ಭೇಟಿಯಲ್ಲಿ ಇವು ಮಿತಿಯೊಳಗೇ ಇರುತ್ತವೆ. ವರದಿಯಲ್ಲಿ ಅಳತೆಯ ಮಾನವನ್ನೂ ಒಮ್ಮೆ ಗಮನಿಸಿ: ಲೀಟರಿಗೆ 24 ಮಿಲಿಗ್ರಾಂ ಎಂಬುದೂ ಡೆಸಿಲೀಟರಿಗೆ 2.4 ಮಿಲಿಗ್ರಾಂ ಎಂಬುದೂ ಒಂದೇ. ಒಂದು ಪ್ರಯೋಗಾಲಯದಿಂದ ಇನ್ನೊಂದಕ್ಕೆ ಹೋದಾಗ ಸಂಖ್ಯೆ ಹತ್ತುಪಟ್ಟು ಇಳಿಯಿತೆಂದು ಸಂತೋಷಪಟ್ಟು ಔಷಧಿ ಬಿಟ್ಟವರನ್ನು ನಾನು ನೋಡಿದ್ದೇನೆ.

ಆರ್.ಎ. ಫ್ಯಾಕ್ಟರ್ ನೆಗೆಟಿವ್ ಆದ್ದರಿಂದ ಇದು ರುಮಟಾಯ್ಡ್ ಅಲ್ಲ ಎಂಬ ಮಾತು ನಿಮ್ಮನ್ನು ಅತಿಹೆಚ್ಚು ಹಿಂದಕ್ಕೆ ತಳ್ಳಿದೆ ಎಂದು ನನಗನಿಸುತ್ತದೆ. ಈ ಹೆಸರೇ ದಾರಿ ತಪ್ಪಿಸುತ್ತದೆ. ರುಮಟಾಯ್ಡ್ ಸಂಧಿವಾತವಿರುವ ಹಲವರಲ್ಲಿ ಈ ಪರೀಕ್ಷೆ ನೆಗೆಟಿವ್ ಬರುತ್ತದೆ; ಮತ್ತೊಂದು ಕಡೆ ಕೀಲುಗಳ ತೊಂದರೆಯೇ ಇಲ್ಲದ ವಯಸ್ಸಾದವರಲ್ಲಿ, ಹೆಪಟೈಟಿಸ್ ಸಿ ಇರುವವರಲ್ಲಿ ಪಾಸಿಟಿವ್ ಬರುವುದುಂಟು. ಇದರ ಜೊತೆಗೆ ಆಂಟಿ-ಸಿ.ಸಿ.ಪಿ. ಎಂಬ, ದೇಹದ ಪ್ರೋಟೀನುಗಳ ವಿರುದ್ಧವೇ ಹುಟ್ಟುವ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆ ಆಗಬೇಕು. ಅದು ಪಾಸಿಟಿವ್ ಬಂದರೆ ರೋಗನಿರ್ಣಯಕ್ಕೆ ಬಹಳ ಬಲ ಬರುತ್ತದೆ, ಬರದಿದ್ದರೆ ರೋಗವಿಲ್ಲವೆಂದಲ್ಲ. ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿರುವುದು ಅನೇಕರಲ್ಲಿ ಯಾವ ಕಾಯಿಲೆಯನ್ನೂ ಸೂಚಿಸುವುದಿಲ್ಲ. ಯೂರಿಕ್ ಆಸಿಡ್ ಕೀಲಿನಲ್ಲಿ ಹರಳುಗಟ್ಟಿ ಬರುವ ಗೌಟ್ ಎಂಬ ಕಾಯಿಲೆ ಸಾಮಾನ್ಯವಾಗಿ ರಾತ್ರೋರಾತ್ರಿ ಒಂದು ಕೀಲಿನಲ್ಲಿ, ಹೆಚ್ಚಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಕೆರಳಿ ಕೆಲವು ದಿನಗಳಲ್ಲಿ ಇಳಿಯುತ್ತದೆ; ಮುಟ್ಟು ನಿಲ್ಲುವ ವಯಸ್ಸು ಇನ್ನೂ ತಲುಪದ ಮಹಿಳೆಯರಲ್ಲಿ ಅದು ವಿರಳ. ಆರು ತಿಂಗಳಿಂದ ಎರಡೂ ಕೈಗಳಲ್ಲಿ ಸಮಸಮವಾಗಿ ಇರುವ ಊತಕ್ಕೆ ಆ ವಿವರಣೆ ಹೊಂದುವುದಿಲ್ಲ. ಆ ಮಾತ್ರೆ ಮುಂದುವರಿಸಬೇಕೇ ಎಂಬುದನ್ನು ಬರೆದುಕೊಟ್ಟವರನ್ನೇ ಮತ್ತೆ ಕೇಳಿ.

ರಕ್ತದ ವರದಿಗಿಂತ ಕೈ ಹೆಚ್ಚು ಹೇಳುತ್ತದೆ. ಮುಷ್ಟಿ ಕಟ್ಟಲು ಪ್ರಯತ್ನಿಸಿದಾಗ ಆರೋಗ್ಯವಂತ ಕೈಯಲ್ಲಿ ಎರಡು ಗೆಣ್ಣುಗಳ ನಡುವೆ ಒಂದು ತಗ್ಗು ಕಾಣುತ್ತದೆ. ಉರಿಯೂತವಿರುವ ಕೈಯಲ್ಲಿ ಆ ತಗ್ಗು ತುಂಬಿಕೊಂಡಿರುತ್ತದೆ. ಬೆರಳಿನಿಂದ ಒತ್ತಿದರೆ ಆ ಊತ ಮೆತ್ತಗೆ, ನಾದಿದ ಹಿಟ್ಟಿನಂತೆ ಇರುತ್ತದೆ. ಸವೆತದಿಂದ ಬರುವ ಕೀಲುನೋವಿನಲ್ಲಿ ಗಂಟು ಮೂಳೆಯಂತೆ ಗಟ್ಟಿಯಾಗಿದ್ದು, ಹೆಚ್ಚಾಗಿ ಉಗುರಿನ ಹತ್ತಿರದ ಗೆಣ್ಣಿನಲ್ಲಿರುತ್ತದೆ, ಮತ್ತು ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಬಿಡುತ್ತದೆ. ಹಸ್ತಕ್ಕೆ ಸೇರುವ ಗೆಣ್ಣುಗಳ ಸಾಲನ್ನು ಎರಡೂ ಪಕ್ಕದಿಂದ, ಕೈಕುಲುಕುವಾಗಿನಷ್ಟೇ ಹದವಾಗಿ ಅದುಮಿದಾಗ ನೀವು ಕೈ ಹಿಂದಕ್ಕೆಳೆದುಕೊಂಡರೆ, ಅದೊಂದೇ ತಜ್ಞರಿಗೆ ತುರ್ತಾಗಿ ಕಳುಹಿಸಲು ಸಾಕಷ್ಟು ಕಾರಣ. ಸೋರಿಯಾಸಿಸ್‌ಗೆ ಸಂಬಂಧಿಸಿದ ಸಂಧಿವಾತವೂ ಹೀಗೆಯೇ ಕಾಣಿಸಬಹುದು. ನೆತ್ತಿಯಲ್ಲಿ, ಹೊಕ್ಕುಳಲ್ಲಿ ಹೊಪ್ಪಳಿಕೆ ಅಥವಾ ಉಗುರುಗಳಲ್ಲಿ ಸಣ್ಣ ಕುಳಿಗಳಿವೆಯೇ ನೋಡಿಕೊಳ್ಳಿ, ಇದ್ದರೆ ತಪ್ಪದೆ ಹೇಳಿ. ಚಿಕುನ್‌ಗುನ್ಯದಂತಹ ವೈರಸ್ ಜ್ವರದ ನಂತರವೂ ತಿಂಗಳುಗಟ್ಟಲೆ ಕೀಲುಗಳು ಊದಿರಬಹುದು. ನೋವು ಶುರುವಾಗುವ ಮುನ್ನ ಜ್ವರ ಬಂದಿತ್ತೇ ಎಂಬುದು ವೈದ್ಯರಿಗೆ ಗೊತ್ತಾಗಬೇಕು.

ಕಾಯುವುದರಿಂದ ಏನಾಗುತ್ತದೆ? ಕೀಲಿನ ಒಳಪೊರೆ ಸಹಜವಾಗಿ ಎರಡು ಮೂರು ಪದರ ಜೀವಕೋಶಗಳಷ್ಟೇ ತೆಳುವಾಗಿರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತಪ್ಪಾಗಿ ಅದರ ಮೇಲೆಯೇ ತಿರುಗಿಬಿದ್ದಾಗ ಅದು ದಪ್ಪಗಾಗಿ, ಹೊಸ ರಕ್ತನಾಳಗಳನ್ನು ಬೆಳೆಸಿಕೊಂಡು, ಅಂಚಿನಿಂದ ಮೃದ್ವಸ್ಥಿಯ ಮೇಲೆ ಹರಡಿ, ಮೂಳೆ ಕರಗಿಸುವ ಜೀವಕೋಶಗಳನ್ನು ಎಚ್ಚರಿಸುತ್ತದೆ. ಊತವನ್ನು ಇಳಿಸಬಹುದು, ಆದರೆ ಹೀಗೆ ಸವೆದ ಮೂಳೆ ಮೊದಲಿನಂತಾಗುವುದು ತೀರಾ ಅಪರೂಪ. ನೆದರ್‌ಲೆಂಡ್ಸ್‌ನ ಲೈಡನ್ ನಗರದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲಕ್ಷಣ ಶುರುವಾದ 12 ವಾರಗಳೊಳಗೆ ತಜ್ಞರನ್ನು ತಲುಪಿದವರಿಗೆ ಹೋಲಿಸಿದರೆ ತಡವಾಗಿ ಬಂದವರಲ್ಲಿ ಕೀಲುಗಳ ಹಾನಿ ಸುಮಾರು 1.3 ಪಟ್ಟು ವೇಗವಾಗಿತ್ತು, ಔಷಧಿಯಿಲ್ಲದೆ ಶಮನದಲ್ಲಿರುವ ಸಾಧ್ಯತೆಯೂ ಕಡಿಮೆಯಾಗಿತ್ತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟವಾದ ಯೂಲಾರ್ ಲಕ್ಷಣ ಶುರುವಾದ ಆರು ವಾರಗಳೊಳಗೆ ತಜ್ಞರು ನೋಡಬೇಕು, ಮೂರು ತಿಂಗಳೊಳಗೆ ರೋಗವನ್ನೇ ತಡೆಯುವ ಔಷಧಿ ಶುರುವಾಗಬೇಕು ಎನ್ನುತ್ತದೆ. ಇದು ಎಷ್ಟು ಕಷ್ಟವೆಂಬುದು ನನಗೆ ಗೊತ್ತು. ಯುರೋಪಿನ ಹತ್ತು ಕೇಂದ್ರಗಳನ್ನು ಒಟ್ಟಿಗೆ ನೋಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೇ ಅರ್ಧದಷ್ಟು ರೋಗಿಗಳಿಗೆ ತಜ್ಞರನ್ನು ಕಾಣಲು 24 ವಾರ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿದಿತ್ತು. 12 ವಾರಗಳೊಳಗೆ ತಜ್ಞರನ್ನು ಕಂಡವರ ಪ್ರಮಾಣ ಒಂದು ಕೇಂದ್ರದಲ್ಲಿ ಶೇ. 8 ಇದ್ದರೆ ಇನ್ನೊಂದರಲ್ಲಿ ಶೇ. 42 ಇತ್ತು. ರೋಗ ಒಂದೇ, ಔಷಧಿಯೂ ಒಂದೇ. ರೋಗಿ ಎಲ್ಲಿ ವಾಸಿಸುತ್ತಾರೆ ಎಂಬುದರಿಂದಲೇ ಇಷ್ಟು ಅಂತರ. ನೀವು ತಡ ಮಾಡಿದಿರಿ ಎಂದು ನಿಮ್ಮನ್ನು ನೀವೇ ದೂಷಿಸಿಕೊಳ್ಳಬೇಡಿ, ಆದರೆ ಇನ್ನು ನಾಲ್ಕು ತಿಂಗಳು ಸುಮ್ಮನೆ ಕೂರಲೂ ಬೇಡಿ.

ಹಾಗಾದರೆ ಏನು ಮಾಡಬಹುದು? ಮೊದಲನೆಯ ದಾರಿ, ಭೇಟಿಯ ದಿನವನ್ನೇ ಹತ್ತಿರಕ್ಕೆ ತರುವುದು. ‘ಕೀಲುನೋವು’ ಎಂದಷ್ಟೇ ಬರೆದ ಚೀಟಿ ನೂರು ಚೀಟಿಗಳ ಅಡಿಯಲ್ಲಿ ಸೇರುತ್ತದೆ. ನಿಮ್ಮ ವೈದ್ಯರಿಂದ ಅದರಲ್ಲಿ ಊದಿರುವ ಕೀಲುಗಳು ಯಾವುವು, ಎಷ್ಟು, ಬೆಳಗಿನ ಬಿಗಿತ ಎಷ್ಟು ಹೊತ್ತು, ಎಷ್ಟು ವಾರಗಳಿಂದ, ಸಿ.ಆರ್.ಪಿ. ಎಷ್ಟು ಎಂದು ಬರೆಸಿ, ‘ಉರಿಯೂತದ ಸಂಧಿವಾತದ ಶಂಕೆ, ಬೇಗ ನೋಡಬೇಕು’ ಎಂಬ ಒಂದು ಸಾಲು ಸೇರಿಸಲು ಕೇಳಿಕೊಳ್ಳಿ. ಇಂತಹ ಚೀಟಿ ಬಂದಾಗ ನಾವು ಬೇರೆಯವರನ್ನು ಮುಂದಕ್ಕೆ ಹಾಕಿಯಾದರೂ ಜಾಗ ಮಾಡುತ್ತೇವೆ.

ಎರಡನೆಯದು, ತಜ್ಞರು ಫೋನಿನಲ್ಲೋ ವೀಡಿಯೊ ಕರೆಯಲ್ಲೋ ಮಾರ್ಗದರ್ಶನ ಮಾಡುತ್ತಾ ನಿಮ್ಮ ಹತ್ತಿರದ ಫಿಸಿಷಿಯನ್ ಚಿಕಿತ್ಸೆ ಶುರುಮಾಡುವುದು. ಮೊದಲ ರೋಗನಿರ್ಣಯಕ್ಕೆ ಕೀಲುಗಳನ್ನು ಮುಟ್ಟಿ ನೋಡುವವರು ಒಬ್ಬರು ಬೇಕೇಬೇಕು, ಆದರೆ ಅವರು ತಜ್ಞರೇ ಆಗಿರಬೇಕೆಂದಿಲ್ಲ. ಇದರಲ್ಲಿರುವ ಅಪಾಯವೆಂದರೆ ತಪ್ಪು ರೋಗಕ್ಕೆ ಔಷಧಿ ಶುರುವಾಗುವುದು, ಅಥವಾ ಶುರುವಾದ ಮೇಲೆ ರಕ್ತಪರೀಕ್ಷೆಗಳ ಹೊಣೆಯನ್ನು ಯಾರೂ ಹೊರದಿರುವುದು. ಎರಡನೆಯದೇ ಹೆಚ್ಚು ಅಪಾಯಕಾರಿ. ಯಾರು ಯಾವಾಗ ಯಾವ ವರದಿ ನೋಡುತ್ತಾರೆಂಬುದು ಮೊದಲೇ ತೀರ್ಮಾನವಾಗಿರಲಿ.

ಮೂರನೆಯದು ನೀವು ಈಗ ಹಿಡಿದಿರುವ ದಾರಿ, ಅಂದರೆ ನೋವಿನ ಮಾತ್ರೆ ಮತ್ತು ಆಗಾಗ ಸ್ಟೀರಾಯ್ಡ್. ನೋವಿನ ಮಾತ್ರೆ ದಿನವನ್ನು ದಾಟಿಸುತ್ತದೆ, ಮೂಳೆಯ ಸವೆತವನ್ನು ತಡೆಯುವುದಿಲ್ಲ. ದೀರ್ಘಕಾಲ ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ, ರಕ್ತದೊತ್ತಡದ ಏರಿಕೆ ಆಗಬಹುದು. ಸ್ಟೀರಾಯ್ಡ್ ಬಗ್ಗೆ ನನಗೆ ಗೌರವವೂ ಇದೆ, ಭಯವೂ ಇದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಅವರು ಹಾಸಿಗೆ ಹಿಡಿದಿದ್ದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ಅದಕ್ಕೆ ನೊಬೆಲ್ ಪ್ರಶಸ್ತಿಯೂ ಬಂತು. ಕೆಲವೇ ವರ್ಷಗಳಲ್ಲಿ ಅದರ ಬೆಲೆಯೂ ಕಂಡಿತು: ಮೂಳೆ ಟೊಳ್ಳಾಗುವುದು, ಸಕ್ಕರೆ ಏರುವುದು, ಕಣ್ಣಿನ ಪೊರೆ, ಸೋಂಕುಗಳು. ನಿಧಾನವಾಗಿ ಕೆಲಸ ಮಾಡುವ ಮುಖ್ಯ ಔಷಧಿ ಫಲ ಕೊಡುವವರೆಗೆ, ಗೊತ್ತಾದ ಅವಧಿಗೆ, ಇಳಿಸುತ್ತಾ ಬರುವ ಯೋಜನೆಯೊಂದಿಗೆ ಸ್ಟೀರಾಯ್ಡ್ ಕೊಟ್ಟರೆ ಅದು ಒಳ್ಳೆಯ ಸೇತುವೆ. ನೀವಾಗಿಯೇ ಆಗಾಗ ನುಂಗಿದರೆ ರೋಗ ಒಳಗೆ ನಡೆಯುತ್ತಲೇ ಇದ್ದು, ತಜ್ಞರನ್ನು ಕಾಣುವ ದಿನ ಮಾತ್ರ ಕೈ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ಊತ ಹೆಚ್ಚಿರುವ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಎರಡೂ ಕೈಗಳ ಫೋಟೊ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ. ಎಂದಾದರೂ ಮೂರು ವಾರಗಳಿಗಿಂತ ಹೆಚ್ಚು ಕಾಲ ದಿನವೂ ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ. ದೇಹ ತನ್ನದೇ ಕಾರ್ಟಿಸೋಲ್ ತಯಾರಿಕೆಯನ್ನು ತಗ್ಗಿಸಿರುತ್ತದೆ.

ಈಗ ‘ಕ್ಯಾನ್ಸರ್ ಔಷಧಿ’. ನಿಮ್ಮ ಪರಿಚಿತರು ಹೇಳುತ್ತಿರುವುದು ಮೆಥೊಟ್ರೆಕ್ಸೇಟ್ ಬಗ್ಗೆ ಇರಬೇಕು. ಅದು ಹುಟ್ಟಿದ್ದು ಕ್ಯಾನ್ಸರ್ ಚಿಕಿತ್ಸೆಗೆಂಬುದು ನಿಜ. ಆದರೆ ಕೆಲವು ಕ್ಯಾನ್ಸರ್‌ಗಳಿಗೆ ಒಂದೇ ಬಾರಿಗೆ ಸಾವಿರಾರು ಮಿಲಿಗ್ರಾಂ ಕೊಡುವ ಆ ಔಷಧಿಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ 7.5ರಿಂದ 25 ಮಿಲಿಗ್ರಾಂವರೆಗೆ ಮಾತ್ರ ಕೊಡುತ್ತೇವೆ. ಈ ಪ್ರಮಾಣದಲ್ಲಿ ಅದರ ಕೆಲಸವೇ ಬೇರೆ: ಅಡೆನೊಸಿನ್ ಎಂಬ, ಉರಿಯೂತವನ್ನು ತಣಿಸುವ ವಸ್ತುವನ್ನು ಹೆಚ್ಚಿಸುವುದೇ ಮುಖ್ಯ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. 1988ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸಂಧಿವಾತಕ್ಕೆ ಇದನ್ನು ಒಪ್ಪಿತು. ಅಂದಿನಿಂದ ಲಕ್ಷಾಂತರ ಜನ ಇದನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಮಾತ್ರೆಯ ಮರುದಿನ ವಾಕರಿಕೆ, ಆಯಾಸ, ಬಾಯಿಹುಣ್ಣು ಬರಬಹುದು. ಫೋಲಿಕ್ ಆಸಿಡ್ ಮಾತ್ರೆ ಅವುಗಳನ್ನು ಬಹಳಷ್ಟು ತಗ್ಗಿಸುತ್ತದೆ. ಶುರುಮಾಡುವ ಮುನ್ನ ರಕ್ತಕಣಗಳು, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಬಿ ಮತ್ತು ಸಿ, ಎದೆಯ ಎಕ್ಸ್‌ರೇ ನೋಡಬೇಕು. ನಂತರ ಮೊದಲು ಎರಡು ನಾಲ್ಕು ವಾರಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಗರ್ಭ ಧರಿಸುವ ಸಾಧ್ಯತೆಯಿದ್ದರೆ ಇದು ಸಲ್ಲದು. ಅದನ್ನು ಸಂಕೋಚವಿಲ್ಲದೆ ಮೊದಲೇ ಹೇಳಿ. ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್ ಎಂಬ ಬೇರೆ ಔಷಧಿಗಳಿವೆ.

ಇದರ ನಿಜವಾದ ಅಪಾಯ ಎಲ್ಲಿದೆ ಎಂದು ನಾನು ಪ್ರತಿ ರೋಗಿಗೂ ಒತ್ತಿ ಹೇಳುತ್ತೇನೆ: ವಾರಕ್ಕೊಮ್ಮೆಯ ಮಾತ್ರೆಯನ್ನು ದಿನವೂ ನುಂಗುವುದು. ನನ್ನ ರೋಗಿಯೊಬ್ಬರು ಚೀಟಿಯನ್ನು ತಪ್ಪಾಗಿ ಓದಿ ಒಂಬತ್ತು ದಿನ ಸತತವಾಗಿ ತೆಗೆದುಕೊಂಡು, ಬಾಯಿ ತುಂಬ ಹುಣ್ಣಾಗಿ, ಬಿಳಿ ರಕ್ತಕಣಗಳು ಕುಸಿದು ಆಸ್ಪತ್ರೆ ಸೇರಿದ್ದರು. ಅಂದಿನಿಂದ ನಾನು ರೋಗಿಯ ಎದುರಿಗೇ ಮಾತ್ರೆಯ ಹಾಳೆಯ ಮೇಲೆ ವಾರದ ಹೆಸರನ್ನು ದಪ್ಪ ಪೆನ್ನಿನಲ್ಲಿ ಬರೆದು, ಅವರಿಂದ ಒಮ್ಮೆ ಗಟ್ಟಿಯಾಗಿ ಓದಿಸುತ್ತೇನೆ. ಇನ್ನೊಂದು: ಈ ಔಷಧಿಯ ಜೊತೆಗೆ ಕೋಟ್ರೈಮಾಕ್ಸಜೋಲ್ ಎಂಬ ಪ್ರತಿಜೀವಕ ಸೇರಬಾರದು. ಮೂತ್ರದ ಸೋಂಕಿಗೆಂದು ಬೇರೆ ವೈದ್ಯರನ್ನು ಕಂಡಾಗ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದೇನೆಂದು ಹೇಳಲೇಬೇಕು. ಜ್ವರ, ಗಂಟಲುನೋವು, ಒಣಕೆಮ್ಮಿನೊಂದಿಗೆ ಉಸಿರುಗಟ್ಟುವಿಕೆ ಬಂದರೆ ಮುಂದಿನ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಿ.

ಜೈವಿಕ ಔಷಧಿಗಳೆಂದು ಕರೆಯುವ ದುಬಾರಿ ಚುಚ್ಚುಮದ್ದುಗಳಿಲ್ಲದೆ ಈ ರೋಗ ಬಗ್ಗದು ಎಂಬ ನಂಬಿಕೆಯೂ ಇದೆ. ಆ ಔಷಧಿಗಳು ಅನೇಕರ ಬದುಕನ್ನೇ ಬದಲಿಸಿವೆ, ಅದರಲ್ಲಿ ಎರಡು ಮಾತಿಲ್ಲ. ಹಾಗೆಯೇ ಅವು ಸುಪ್ತವಾಗಿರುವ ಕ್ಷಯವನ್ನು ಕೆರಳಿಸಬಲ್ಲವು, ಆದ್ದರಿಂದ ಮೊದಲು ಅದರ ಪರೀಕ್ಷೆ ಕಡ್ಡಾಯ. ಆದರೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 110 ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಟಿಕೋರಾ ಅಧ್ಯಯನ ನನ್ನ ವೃತ್ತಿಯ ದೃಷ್ಟಿಯನ್ನೇ ಬದಲಿಸಿತು. ಒಂದು ಗುಂಪಿನವರನ್ನು ತಿಂಗಳಿಗೊಮ್ಮೆ ನೋಡಿ, ಊತ ಉಳಿದಿದ್ದರೆ ಔಷಧಿಯನ್ನು ಏರಿಸುತ್ತಾ ಹೋದರು. ಇನ್ನೊಂದು ಗುಂಪಿಗೆ ಎಂದಿನಂತೆ ಚಿಕಿತ್ಸೆ. ಎರಡಕ್ಕೂ ಹಳೆಯ, ಸಾಮಾನ್ಯ ಔಷಧಿಗಳೇ. ಒಂದೂವರೆ ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇ. 65 ಮಂದಿ ಶಮನ ಸ್ಥಿತಿಯಲ್ಲಿದ್ದರು, ಎರಡನೆಯದರಲ್ಲಿ ಶೇ. 16. ಮೆಥೊಟ್ರೆಕ್ಸೇಟ್ ಒಂದೇ ಸಾಲದಾದ 353 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಅದರ ಜೊತೆಗೆ ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್ ಎಂಬ ಎರಡು ಹಳೆಯ ಮಾತ್ರೆಗಳನ್ನು ಸೇರಿಸಿದ್ದು ಎಟನರ್ಸೆಪ್ಟ್ ಎಂಬ ದುಬಾರಿ ಚುಚ್ಚುಮದ್ದು ಸೇರಿಸಿದ್ದಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಹಾಗಾಗಿ ದೂರದ ತಜ್ಞರನ್ನು ವರ್ಷಕ್ಕೊಮ್ಮೆ ಕಾಣುವುದಕ್ಕಿಂತ, ನಡುವಿನ ತಿಂಗಳುಗಳಲ್ಲಿ ಹತ್ತಿರದ ವೈದ್ಯರೋ ತರಬೇತಾದ ದಾದಿಯೋ ಕೀಲುಗಳನ್ನು ಎಣಿಸಿ ನೋಡಿ ತಜ್ಞರಿಗೆ ತಿಳಿಸುವ ಏರ್ಪಾಡು ನಿಮಗೆ ಹೆಚ್ಚು ಉಪಯೋಗ. ಮೂರು ತಿಂಗಳಲ್ಲಿ ಸ್ಪಷ್ಟ ಸುಧಾರಣೆ, ಆರು ತಿಂಗಳಲ್ಲಿ ಗುರಿ ಮುಟ್ಟುವುದು, ಇಲ್ಲದಿದ್ದರೆ ಚಿಕಿತ್ಸೆ ಬದಲಿಸುವುದು: ಇದನ್ನು ನೀವೇ ಕೇಳಿ ಪಡೆಯಬೇಕು.

ಪೂರಕ ಮಾತ್ರೆಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 2022ರಲ್ಲಿ ಪ್ರಕಟವಾದ, 25,871 ಜನರ ವೈಟಲ್ ಅಧ್ಯಯನದಲ್ಲಿ ಸುಮಾರು ಐದು ವರ್ಷ ದಿನವೂ ವಿಟಮಿನ್ ಡಿ ತೆಗೆದುಕೊಂಡವರಲ್ಲಿ ಸ್ವಯಂನಿರೋಧಕ ರೋಗಗಳು, ಅಂದರೆ ರಕ್ಷಣಾ ವ್ಯವಸ್ಥೆ ದೇಹದ ಮೇಲೆಯೇ ತಿರುಗಿಬೀಳುವ ರೋಗಗಳು, ಶೇ. 22ರಷ್ಟು ಕಡಿಮೆಯಾಗಿದ್ದವು. ಅವರು ರೋಗ ಬರುವ ಮುನ್ನ ತೆಗೆದುಕೊಂಡವರು. ಊದಿರುವ ಕೀಲಿನಲ್ಲಿ ಮೂಳೆಯ ಸವೆತವನ್ನು ನಿಲ್ಲಿಸುವ ಪೂರಕ ಮಾತ್ರೆ ಯಾವುದೂ ಸಾಬೀತಾಗಿಲ್ಲ. ಕೊರತೆಯಿದ್ದರೆ ವಿಟಮಿನ್ ಡಿ ತೆಗೆದುಕೊಳ್ಳಿ, ಚಿಕಿತ್ಸೆಯ ಬದಲಿಗೆ ಬೇಡ. ಏನಿದೆಯೆಂದು ಬರೆಯದ ಪುಡಿ ಅಥವಾ ಗುಳಿಗೆ ತೆಗೆದುಕೊಂಡು ಎರಡೇ ದಿನಗಳಲ್ಲಿ ನೋವು ಮಾಯವಾದರೆ, ಅದರಲ್ಲಿ ಸ್ಟೀರಾಯ್ಡ್ ಬೆರೆತಿರಬಹುದೆಂದು ಮೊದಲು ಅನುಮಾನಪಡಿ.

ಹೃದಯದ ಭಯ ಪೂರ್ತಿ ಸುಳ್ಳಲ್ಲ, ಆದರೆ ನೀವು ಓದಿದ್ದು ಬೇರೆ ಸಂದರ್ಭದ್ದು. ಹೃದಯದ ಅಪಾಯ ಅಳೆಯುವುದು ಅತಿಸೂಕ್ಷ್ಮ ಸಿ.ಆರ್.ಪಿ. ಪರೀಕ್ಷೆಯಿಂದ, ಅಲ್ಲಿ ಲೆಕ್ಕ 1, 3 ಮಿಲಿಗ್ರಾಂಗಳ ಸುತ್ತ ಇರುತ್ತದೆ. ಕೀಲುಗಳು ಉರಿಯುತ್ತಿರುವಾಗ ಬಂದ 24 ಎಂಬ ಸಂಖ್ಯೆಯಿಂದ ಆ ಲೆಕ್ಕ ಹಾಕಲಾಗದು. ಉರಿಯೂತ ಇಳಿಸಿದರೆ ಹೃದಯ ಉಳಿಯುತ್ತದೆಯೇ ಎಂಬ ಪ್ರಶ್ನೆಗೂ ಉತ್ತರ ಸರಳವಾಗಿಲ್ಲ. ಹಿಂದೆ ಹೃದಯಾಘಾತವಾಗಿದ್ದ 10,061 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಅಧ್ಯಯನದಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂದೇಶವಾಹಕವನ್ನು ತಡೆಯುವ ಚುಚ್ಚುಮದ್ದು ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯಸಂಬಂಧಿ ಸಾವುಗಳನ್ನು ಒಟ್ಟಾರೆ ಶೇ. 15ರಷ್ಟು ತಗ್ಗಿಸಿತು, ಆದರೆ ಮಾರಕ ಸೋಂಕುಗಳನ್ನು ಹೆಚ್ಚಿಸಿತು. ಮರುವರ್ಷ ಬಂದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ, ಸಂಧಿವಾತವಿಲ್ಲದ ಹೃದ್ರೋಗಿಗಳಿಗೆ ಮೆಥೊಟ್ರೆಕ್ಸೇಟ್‌ನಿಂದ ಹೃದಯಕ್ಕೆ ಲಾಭವೇ ಆಗಲಿಲ್ಲ. ರುಮಟಾಯ್ಡ್ ಸಂಧಿವಾತವಿರುವವರಲ್ಲಿ ಹೃದಯದ ಅಪಾಯವನ್ನು ನಾವು ಸುಮಾರು ಒಂದೂವರೆ ಪಟ್ಟು ಎಂದು ಲೆಕ್ಕ ಹಾಕುತ್ತೇವೆ. ಅದಕ್ಕೆ ಮಾಡಬೇಕಾದದ್ದು ಕೀಲುಗಳನ್ನು ಶಮನದಲ್ಲಿಡುವುದು, ರಕ್ತದೊತ್ತಡ, ಸಕ್ಕರೆ, ಕೊಲೆಸ್ಟೆರಾಲ್ ನೋಡಿಸಿಕೊಳ್ಳುವುದು, ಧೂಮಪಾನವಿದ್ದರೆ ಬಿಡುವುದು, ನೋವಿನ ಮಾತ್ರೆ ಮತ್ತು ಸ್ಟೀರಾಯ್ಡ್‌ಗಳನ್ನು ಸಾಧ್ಯವಾದಷ್ಟು ಕಡಿಮೆ ಮಾಡುವುದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಯಾವುದಾದರೂ ಒಂದೇ ಕೀಲು ಏಕಾಏಕಿ ಕೆಂಪಾಗಿ, ಬಿಸಿಯಾಗಿ, ಅಲುಗಾಡಿಸಲಾಗದಂತೆ ಊದಿ ಜ್ವರವೂ ಬಂದರೆ ಅದು ಕೀಲಿನೊಳಗಿನ ಸೋಂಕಾಗಿರಬಹುದು. ಯಾವ ಭೇಟಿಯ ದಿನಕ್ಕೂ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ಮಗಳ ವಿಷಯ. ತಾಯಿಗೆ ಈ ರೋಗವಿದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸಾಮಾನ್ಯರಿಗಿಂತ ಕೆಲವು ಪಟ್ಟು ಹೆಚ್ಚು, ಆದರೂ ಬಾರದಿರುವ ಸಾಧ್ಯತೆಯೇ ಬಹಳ ಹೆಚ್ಚು. ಯಾವ ತೊಂದರೆಯೂ ಇಲ್ಲದ 19ರ ಹುಡುಗಿಗೆ ಆಂಟಿ-ಸಿ.ಸಿ.ಪಿ. ಮಾಡಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಪಾಸಿಟಿವ್ ಬಂದರೆ ಆಕೆಗೆ ಸಿಗುವುದು ಚಿಂತೆ ಮಾತ್ರ. 2024ರಲ್ಲಿ ಪ್ರಕಟವಾದ ಅಪಿಪ್ರಾ ಅಧ್ಯಯನದಲ್ಲಿ, ರಕ್ತದಲ್ಲಿ ಈ ಪ್ರತಿಕಾಯಗಳಿದ್ದು ಕೀಲುನೋವೂ ಇದ್ದ, ಆದರೆ ಊತ ಇನ್ನೂ ಬಾರದ 213 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಒಂದು ವರ್ಷ, ರಕ್ಷಣಾ ವ್ಯವಸ್ಥೆಯನ್ನು ತಣಿಸುವ ಅಬಾಟಸೆಪ್ಟ್ ಎಂಬ ಚುಚ್ಚುಮದ್ದು ಕೊಟ್ಟರು. ವರ್ಷದ ಕೊನೆಗೆ ಔಷಧಿ ಪಡೆದವರಲ್ಲಿ ಶೇ. 6, ಪಡೆಯದವರಲ್ಲಿ ಶೇ. 29 ಮಂದಿಗೆ ಸಂಧಿವಾತ ಬಂದಿತ್ತು. ಚುಚ್ಚುಮದ್ದು ನಿಲ್ಲಿಸಿದ ಮತ್ತೊಂದು ವರ್ಷದಲ್ಲಿ ಆ ಅಂತರ ಶೇ. 25 ಮತ್ತು 37ಕ್ಕೆ ಕಿರಿದಾಯಿತು. ರೋಗವನ್ನು ಮುಂದೂಡಬಹುದೆಂದು ಇದು ತೋರಿಸಿದೆ; ಆದರೆ ಆರೋಗ್ಯವಂತ ಮಕ್ಕಳಿಗೆ ಕೊಡುವ ಚಿಕಿತ್ಸೆ ಇದಲ್ಲ. ಆಕೆ ಧೂಮಪಾನದ ಹತ್ತಿರ ಹೋಗದಿರಲಿ, ಒಸಡುಗಳನ್ನು ಚೆನ್ನಾಗಿ ನೋಡಿಕೊಳ್ಳಲಿ. ಇವೆರಡಕ್ಕೂ ಈ ರೋಗದೊಂದಿಗೆ ನಂಟಿದೆ. ಮುಂದೆಂದಾದರೂ ಬೆಳಿಗ್ಗೆ ಆಕೆಯ ಬೆರಳುಗಳು ಬಿಗಿದು, ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡು, ಹಾಗೆಯೇ ಎರಡು ಮೂರು ವಾರ ಉಳಿದರೆ, ಆರ್.ಎ. ಫ್ಯಾಕ್ಟರ್ ಏನೇ ಹೇಳಲಿ, ಆಗಲೇ ಕರೆದುಕೊಂಡು ಬನ್ನಿ.